ಕಾರಿನ ಎಸಿ: ಗ್ಯಾಸ್ ಮುಗಿಯುವುದಿಲ್ಲ, ಸೋರುತ್ತದೆ

ಪ್ರಶ್ನೆ: ನಮ್ಮದು ಒಂಬತ್ತು ವರ್ಷ ಹಳೆಯ ಚಿಕ್ಕ ಪೆಟ್ರೋಲ್ ಕಾರು. ವಾರದಲ್ಲಿ ಎರಡು ಸಲವಾದರೂ ಸೇಡಂನಿಂದ ಕಲಬುರಗಿಗೆ ಹೋಗಿ ಬರುತ್ತೇನೆ. ಕಳೆದ ವರ್ಷ ಯುಗಾದಿಯ ನಂತರ ಎಸಿಯಿಂದ ಬಿಸಿ ಗಾಳಿ ಬರತೊಡಗಿತು. ಗ್ಯಾಸ್ ತುಂಬಿಸಿದೆ, ಎರಡು ತಿಂಗಳು ತಂಪಾಗಿತ್ತು. ಈ ವರ್ಷ ಮಾರ್ಚ್‌ನಲ್ಲಿ ಮತ್ತೆ ತುಂಬಿಸಿದೆ, ಏಪ್ರಿಲ್ ಕೊನೆಗೆ ಮತ್ತೆ ಅದೇ ಗೋಳು. ರೈಲ್ವೆ ಗೇಟಿನಲ್ಲಿ ಗಾಡಿ ನಿಂತರಂತೂ ಬೆವರು ಇಳಿಯುತ್ತದೆ, ಓಡುವಾಗ ತುಸು ವಾಸಿ. "ಗ್ಯಾಸ್ ಅಂದ್ರ ಪೆಟ್ರೋಲ್ ಇದ್ದಂಗರಿ ಸರ್, ಓಡಿಸಿದಂಗ ಖಾಲಿ ಆಗ್ತದ, ವರ್ಷಕ್ಕೊಮ್ಮೆ ತುಂಬಿಸಲೇಬೇಕು" ಎಂದು ಮೆಕ್ಯಾನಿಕ್ ಹೇಳುತ್ತಾರೆ. ಇದು ನಿಜವೇ? ಮೂರನೆಯ ಸಲ ತುಂಬಿಸಲೇ?
— ಶಿಕ್ಷಕರೊಬ್ಬರು, ಸೇಡಂ

ಉತ್ತರ: ಮಾನ್ಯರೇ, ದಯವಿಟ್ಟು ಈಗಲೇ ತುಂಬಿಸಬೇಡಿ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಹೋಗುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಯೊಳಗೆ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಮನೆಯ ಫ್ರಿಜ್‌ನಲ್ಲಿ ಹದಿನೈದು ಇಪ್ಪತ್ತು ವರ್ಷ ಅದೇ ಗ್ಯಾಸ್ ಇರುವುದನ್ನು ನೀವೇ ನೋಡಿರುತ್ತೀರಿ. ಕಾರಿನಲ್ಲಿ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಬೆಲ್ಟಿನಿಂದ ತಿರುಗುವುದರಿಂದ ಅದರ ಶಾಫ್ಟಿನ ಸೀಲ್‌ನಲ್ಲಿಯೂ, ಇಂಜಿನ್ನಿನ ಅಲುಗಾಟ ತಡೆಯಲು ಹಾಕಿದ ರಬ್ಬರ್ ಪೈಪುಗಳಲ್ಲಿಯೂ ಅತ್ಯಲ್ಪ ಪ್ರಮಾಣದ ಸೋರಿಕೆ ಸಹಜ, ಆದರೆ ಅದು ತಂಪಿಗೆ ತಟ್ಟಬೇಕಾದರೆ ವರ್ಷಗಳೇ ಬೇಕು. ಎರಡು ತಿಂಗಳಲ್ಲಿ ಖಾಲಿಯಾಗಿದೆಯೆಂದರೆ ಎಲ್ಲೋ ತೂತು ಬಿದ್ದಿದೆ, ಮತ್ತು ನೀವು ಎರಡು ಸಲ ಹಣ ಕೊಟ್ಟಿದ್ದು ಆ ತೂತಿನ ಮೂಲಕ ಗಾಳಿಗೆ ಹೋಗಿದೆ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು "ನಿಂತಾಗ ಬಿಸಿ, ಓಡುವಾಗ ವಾಸಿ" ಎಂಬ ಮಾತು. ಅದು ಗ್ಯಾಸಿಗಿಂತ ಬೇರೆಯದನ್ನೇ ಹೇಳುತ್ತಿರಬಹುದು. ಇದನ್ನು ಅರ್ಥ ಮಾಡಿಕೊಳ್ಳಲು ಎಸಿಯ ಕೆಲಸವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ನಿಮ್ಮ ಕಾರಿನ ವಯಸ್ಸು ನೋಡಿದರೆ ಅದರಲ್ಲಿರುವುದು ಆರ್-134ಎ ಎಂಬ ಗ್ಯಾಸ್ ಎಂದುಕೊಳ್ಳಬಹುದು. ಬಾನೆಟ್ ಒಳಗಿನ ಸ್ಟಿಕ್ಕರ್ ಮೇಲೆ ಅದರ ಹೆಸರು ಬರೆದಿರುತ್ತದೆ. ತೆರೆದ ಗಾಳಿಯ ಒತ್ತಡದಲ್ಲಿ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದು ಆವಿಯಾಗುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್‌ನಲ್ಲಿ ಒತ್ತಡ 30 ಪಿಎಸ್‌ಐ (ಟಯರಿನ ಗಾಳಿ ಅಳೆಯುವ ಅದೇ ಮಾಪನ) ಆಸುಪಾಸು ಇರುವುದರಿಂದ ಅಲ್ಲಿ ಅದು ಸುಮಾರು 1-2 ಡಿಗ್ರಿಗೆ ಕುದಿಯುತ್ತದೆ, ಕುದಿಯಲು ಬೇಕಾದ ಶಾಖವನ್ನು ಕಾರಿನೊಳಗಿನ ಗಾಳಿಯಿಂದ ಎಳೆದುಕೊಳ್ಳುತ್ತದೆ, ಗಾಳಿ ತಂಪಾಗುತ್ತದೆ. ಹೀಗೆ ಹೀರಿಕೊಂಡ ಶಾಖವನ್ನು ಹೊರಗೆ ಚೆಲ್ಲಬೇಕಲ್ಲ? ಆ ಕೆಲಸ ಮಾಡುವುದು ರೇಡಿಯೇಟರಿನ ಮುಂದೆ, ಗ್ರಿಲ್ ಹಿಂದೆ ನಿಂತಿರುವ ಕಂಡೆನ್ಸರ್. ಕಂಪ್ರೆಸರ್ ಆ ಆವಿಯನ್ನು ಒತ್ತಿ 200 ಪಿಎಸ್‌ಐಗೆ ಏರಿಸಿದರೆ ಅದು ಸುಮಾರು 55 ಡಿಗ್ರಿಯಲ್ಲಿ ಮತ್ತೆ ದ್ರವವಾಗಲು ಸಿದ್ಧವಾಗುತ್ತದೆ. ಹೊರಗಿನ ಗಾಳಿ 30 ಡಿಗ್ರಿ ಇರುವ ಊರಿನಲ್ಲಿ ಶಾಖ ಬಿಡಲು 25 ಡಿಗ್ರಿಯ ಅಂತರ ಸಿಗುತ್ತದೆ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 43 ಡಿಗ್ರಿ ಇದ್ದಾಗ ಉಳಿಯುವ ಅಂತರ ಬರೀ 12. ಅಷ್ಟು ಕಡಿಮೆ ಅಂತರದಲ್ಲಿ ಶಾಖ ಹೊರಹೋಗಬೇಕಾದರೆ ಕಂಡೆನ್ಸರಿನ ಮೇಲೆ ಗಾಳಿ ಭರದಿಂದ ಹಾಯಬೇಕು. ಗಾಡಿ ಓಡುವಾಗ ರಸ್ತೆಯ ಗಾಳಿಯೇ ಆ ಕೆಲಸ ಮಾಡುತ್ತದೆ, ನಿಂತಾಗ ಫ್ಯಾನ್ ಮಾಡಬೇಕು. ಫ್ಯಾನ್ ತಿರುಗದಿದ್ದರೆ, ಅಥವಾ ಕಂಡೆನ್ಸರಿನ ಸಂದುಗಳು ಮುಚ್ಚಿದ್ದರೆ, ಒತ್ತಡ 300 ದಾಟಿ ಏರುತ್ತಾ ಹೋಗಿ ಕೊನೆಗೆ ಪ್ರೆಶರ್ ಸ್ವಿಚ್ ಕಂಪ್ರೆಸರನ್ನೇ ನಿಲ್ಲಿಸಿಬಿಡುತ್ತದೆ. ಆಗ ಒಳಗೆ ಬರುವುದು ಬರೀ ಹೊರಗಿನ ಗಾಳಿ.

ಆದ್ದರಿಂದ ಗ್ಯಾರೇಜಿಗೆ ಹೋಗುವ ಮೊದಲು ಮನೆಯಂಗಳದಲ್ಲಿಯೇ ಒಂದು ಪರೀಕ್ಷೆ ಮಾಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಇಂಜಿನ್ ಚಾಲೂ ಮಾಡಿ ಎಸಿ ಹಚ್ಚಿ, ಬಾನೆಟ್ ಎತ್ತಿ ದೂರದಿಂದ ನೋಡಿ. ಟವೆಲ್, ಧೋತರ, ಸೆರಗು ಯಾವುದೂ ಬೆಲ್ಟಿನ ಹತ್ತಿರ ಸುಳಿಯಬಾರದು. ಎಸಿ ಹಚ್ಚಿದ ಸ್ವಲ್ಪ ಹೊತ್ತಿನಲ್ಲಿಯೇ ಮುಂದಿನ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಫ್ಯಾನ್ ಮೋಟಾರು ಈ ಕ್ರಮದಲ್ಲಿ ನೋಡಲು ಹೇಳಿ. ರಿಲೇಯನ್ನು ಅದೇ ಪೆಟ್ಟಿಗೆಯಲ್ಲಿರುವ ಅದೇ ನಂಬರಿನ ಇನ್ನೊಂದು ರಿಲೇಯೊಂದಿಗೆ ಅದಲುಬದಲು ಮಾಡಿ ನೋಡಿದರೆ ಖರ್ಚಿಲ್ಲದೆ ದೋಷ ಗೊತ್ತಾಗುತ್ತದೆ.

ಫ್ಯಾನ್ ಸರಿಯಿದ್ದರೆ ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಗ್ರಿಲ್‌ನೊಳಗೆ ನೋಡಿ. ಇಲ್ಲಿ ನಮ್ಮ ಭಾಗದ್ದೇ ಆದ ಒಂದು ತೊಂದರೆಯಿದೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯ ಕಾಲಕ್ಕೆ ಹಳ್ಳಿಗಳ ಹತ್ತಿರ ಕಟಾವಾದ ಬೆಳೆಯನ್ನು ರಸ್ತೆಯ ಮೇಲೆಯೇ ಹರಡಿರುತ್ತಾರೆ, ಅದರ ಮೇಲೆ ಹಾಯ್ದ ಪ್ರತಿಯೊಂದು ಕಾರೂ ಹೊಟ್ಟನ್ನು ಒಳಗೆ ಎಳೆದುಕೊಳ್ಳುತ್ತದೆ. ಅದರ ಮೇಲೆ ಮಳಖೇಡದ ಕಡೆ ಸಿಮೆಂಟ್ ಲಾರಿಗಳ ಹಿಂದೆ ಓಡಿದ ಧೂಳು ಕೂರುತ್ತದೆ, ಮೊದಲ ಮಳೆಗೆ ನೆನೆದು ಗೋಡೆಗೆ ಮೆತ್ತಿದ ಹಾಗೆ ಗಟ್ಟಿಯಾಗುತ್ತದೆ. ಹೊರಗಿನಿಂದ ಕಂಡೆನ್ಸರ್ ಶುಭ್ರವಾಗಿಯೇ ಕಾಣಬಹುದು. ಹೊಟ್ಟು ಸಿಕ್ಕಿಕೊಂಡಿರುವುದು ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಎರಡು ಬೆರಳಿನಷ್ಟು ಸಂದಿನಲ್ಲಿ. ಒಂದು ಕಾರಿನಲ್ಲಿ ಈ ಸಂದಿನಿಂದ ನಾನು ಹಿಡಿ ತುಂಬ ತೊಗರಿ ಸಿಪ್ಪೆ, ಒಣ ಎಲೆ, ಒಂದು ಹಕ್ಕಿಯ ಪುಕ್ಕ ಹೊರತೆಗೆದಿದ್ದೇನೆ, ಗ್ಯಾಸನ್ನು ಮುಟ್ಟದೆಯೇ ಆ ಗಾಡಿಯ ತಂಪು ಮರಳಿ ಬಂತು. ತೊಳೆಯುವಾಗ ಗಿಡಗಳಿಗೆ ನೀರು ಬಿಡುವ ಪೈಪಿನ ಸಾಧಾರಣ ಧಾರೆ ಸಾಕು. ವಾಟರ್ ಸರ್ವಿಸ್ ಸ್ಟೇಷನ್ನಿನ ಜೋರು ಧಾರೆಯನ್ನು ನೇರವಾಗಿ ಹಿಡಿದರೆ ಕಾಗದದಷ್ಟು ತೆಳ್ಳಗಿನ ಅಲ್ಯುಮಿನಿಯಂ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ.

ಇನ್ನು ಸೋರಿಕೆಯ ಮಾತು. ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಜೊತೆ ಸುತ್ತುವ ಕಂಪ್ರೆಸರ್ ಎಣ್ಣೆ ಕಾಣುತ್ತದೆ. ಸೋರುವ ಜಾಗದಲ್ಲಿ ಗ್ಯಾಸ್ ಹಾರಿಹೋಗಿ ಎಣ್ಣೆ ಉಳಿಯುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ, ಸುತ್ತಲೂ ಬೂದು ಬಣ್ಣವಿರುವಲ್ಲಿ ಅಷ್ಟು ಮಾತ್ರ ಕರಿ ಜಿಡ್ಡಿನ ಕಲೆ ಎದ್ದು ಕಾಣುತ್ತದೆ. ಕಂಡೆನ್ಸರಿನ ಕೆಳಭಾಗ, ಪೈಪುಗಳು ಸೇರುವಲ್ಲಿ ರಬ್ಬರ್ ಬಳೆ (ಓ-ರಿಂಗ್) ಇರುವ ಜಾಗಗಳು, ಕಂಪ್ರೆಸರಿನ ಮೂತಿ, ಗ್ಯಾಸ್ ತುಂಬುವ ವಾಲ್ವಿನ ಮುಚ್ಚಳದ ಕೆಳಗೆ, ಇಷ್ಟನ್ನು ಹುಡುಕಿ. ಮುಂದೆ ಹೋಗುವ ಲಾರಿಯ ಟಯರು ಚಿಮ್ಮಿಸಿದ ಜಲ್ಲಿಯೊಂದು ಕಂಡೆನ್ಸರಿಗೆ ತಾಗಿ ಸೂಜಿ ಮೊನೆಯಷ್ಟು ತೂತಾಗುವುದು ನಿಮ್ಮ ರಸ್ತೆಯಲ್ಲಿ ಅಪರೂಪವಲ್ಲ.

ನನ್ನ ಸ್ವಂತ ಅನುಭವವನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದೇ ಬೇಸಿಗೆಯಲ್ಲಿ ನಾನೂ ಎರಡು ಸಲ ಗ್ಯಾಸ್ ತುಂಬಿಸಿದೆ. ನಗರದ ಆ ಗ್ಯಾರೇಜಿನವರು ಎರಡೂ ಸಲ ಗೇಜ್ ಹಚ್ಚಿ, ಗ್ಯಾಸ್ ಬಿಟ್ಟು, ಹತ್ತು ನಿಮಿಷದಲ್ಲಿ ಕಳಿಸಿಕೊಟ್ಟರು. ಮೂರನೆಯ ಸಲ ನಾನೇ ವಾಲ್ವಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಒಂದು ಹನಿ ಸೋಪಿನ ನೀರು ಬಿಟ್ಟೆ. ಸಾಸಿವೆ ಗಾತ್ರದ ಗುಳ್ಳೆಯೊಂದು ನಿಧಾನವಾಗಿ ಎದ್ದು, ಕಡಲೆಯಷ್ಟಾಗಿ, ಒಡೆದು, ಮತ್ತೆ ಎದ್ದಿತು. ಕಾರಿನ ಟಯರಿನ ವಾಲ್ವಿನಲ್ಲಿ ಇರುವಂಥ ಒಂದು ಸಣ್ಣ ಕಡ್ಡಿ ಸವೆದಿತ್ತು, ಅದನ್ನು ಬದಲಿಸಿದ್ದು ಬಿಟ್ಟರೆ ಬೇರಾವ ದುರಸ್ತಿಯೂ ಬೇಕಾಗಲಿಲ್ಲ. ಆ ಎರಡು ತುಂಬುವಿಕೆಯ ಖರ್ಚು ನೆನೆದರೆ ಇಂದಿಗೂ ಬೇಸರವಾಗುತ್ತದೆ.

ಗ್ಯಾರೇಜಿನಲ್ಲಿ ನೀವು ಕೇಳಬೇಕಾದ ಕೆಲಸ ಹೀಗಿರಲಿ. ಮೊದಲು ನೈಟ್ರೋಜನ್ ತುಂಬಿ ಸೋಪಿನ ನೀರಿನಿಂದ ಸೋರಿಕೆ ಹುಡುಕಲಿ, ಅಥವಾ ಹಸಿರು ಡೈ ಹಾಕಿ ಕೆಲವು ದಿನ ಓಡಿಸಿದ ಮೇಲೆ ನೀಲಿ ಬೆಳಕಿನ ದೀಪದಲ್ಲಿ ನೋಡಲಿ. ಟಯರಿಗೆ ಬಿಡುವ ಗಾಳಿಯನ್ನು ಈ ಪರೀಕ್ಷೆಗೆ ಬಳಸಲು ಬಿಡಬೇಡಿ, ಅದರಲ್ಲಿ ತೇವಾಂಶವಿರುತ್ತದೆ, ಎಸಿಯ ಎಣ್ಣೆ ಆ ತೇವವನ್ನು ಉಪ್ಪಿನ ಹಾಗೆ ಹೀರಿಕೊಳ್ಳುತ್ತದೆ, ನಂತರ ಅದು ಆಮ್ಲವಾಗಿ ಒಳಗಿನ ಲೋಹವನ್ನು ತಿನ್ನುತ್ತದೆ. ಆಕ್ಸಿಜನ್ ಸಿಲಿಂಡರನ್ನಂತೂ ಹತ್ತಿರವೂ ತರಬಾರದು, ಎಣ್ಣೆಯೊಂದಿಗೆ ಸೇರಿದರೆ ಸ್ಫೋಟವಾಗಬಹುದು. ಸೋರಿಕೆ ಸರಿಪಡಿಸಿದ ಮೇಲೆ ವ್ಯಾಕ್ಯೂಮ್ ಪಂಪನ್ನು ಕಡಿಮೆಯೆಂದರೂ ಅರ್ಧ ಗಂಟೆ ಓಡಿಸಬೇಕು. ಆ ನಿರ್ವಾತದಲ್ಲಿ ಒಳಗೆ ಉಳಿದ ನೀರಿನ ಪಸೆ ನಮ್ಮ ಸಾಧಾರಣ ಬಿಸಿಲಿನ ಉಷ್ಣತೆಗೇ ಕುದಿದು ಆವಿಯಾಗಿ ಹೊರಬರುತ್ತದೆ. ಪಂಪ್ ನಿಲ್ಲಿಸಿದ ಮೇಲೂ ಗೇಜಿನ ಮುಳ್ಳು ಹತ್ತು ಹದಿನೈದು ನಿಮಿಷ ಕದಲದೆ ನಿಂತರೆ ಮಾತ್ರ ಗ್ಯಾಸ್ ಬಿಡಬೇಕು. ವ್ಯವಸ್ಥೆ ಬಹಳ ದಿನ ತೆರೆದಿದ್ದರೆ ಒಳಗಿನ ತೇವ ಹೀರುವ ಡ್ರೈಯರನ್ನೂ ಬದಲಿಸುವುದು ಒಳ್ಳೆಯದು.

ಗ್ಯಾಸನ್ನು ತೂಕ ಮಾಡಿಯೇ ಹಾಕಬೇಕು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಎಷ್ಟು ಗ್ರಾಂ ಎಂಬುದೂ ಆ ಸ್ಟಿಕ್ಕರಿನಲ್ಲಿಯೇ ಇರುತ್ತದೆ, ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ 350ರಿಂದ 500 ಗ್ರಾಂ. ಇಂಜಿನ್ ನಿಂತಿರುವಾಗ ಗೇಜ್ ಹಚ್ಚಿ "ಒತ್ತಡ ಚೆನ್ನಾಗಿದೆ, ಗ್ಯಾಸ್ ತುಂಬಿದೆ" ಎಂದರೆ ಆ ಮಾತಿಗೆ ಅರ್ಥವಿಲ್ಲ. ನೆರಳಿನಲ್ಲಿ 40 ಡಿಗ್ರಿ ಇದ್ದರೆ ಗೇಜ್ ಸುಮಾರು 133 ಪಿಎಸ್‌ಐ ತೋರಿಸುತ್ತದೆ, ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೆ, ಗ್ಯಾಸ್ ಪೂರ್ತಿ ಇರಲಿ, ಅರ್ಧವೇ ಇರಲಿ, ಅದು ಅಷ್ಟೇ ತೋರಿಸುತ್ತದೆ. ಅಡುಗೆ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ನಾವು ಎತ್ತಿ ನೋಡುವುದಿಲ್ಲವೇ, ಇದೂ ಹಾಗೆಯೇ. ಹೆಚ್ಚು ತುಂಬಿದರೆ ಹೆಚ್ಚು ತಂಪು ಎಂಬ ನಂಬಿಕೆಯೂ ತಪ್ಪು: ಹೆಚ್ಚಾದ ದ್ರವ ಕಂಡೆನ್ಸರಿನಲ್ಲಿ ನಿಂತು ಅದರ ಜಾಗ ತಿನ್ನುತ್ತದೆ, ಒತ್ತಡ ಏರುತ್ತದೆ, ಗಾಳಿ ಮತ್ತೆ ಬಿಸಿಯಾಗುತ್ತದೆ.

ಹಳೆಯ ಗ್ಯಾಸನ್ನು ಮೆಷಿನ್ನಿನಿಂದ ಎಳೆದುಕೊಳ್ಳುವ ಗ್ಯಾರೇಜನ್ನೇ ಆರಿಸಿಕೊಳ್ಳಿ, ವಾಲ್ವ್ ಒತ್ತಿ ಗಾಳಿಗೆ ಬಿಡುವವರಿಗೆ ಬೇಡವೆನ್ನಿ. ಆರ್-134ಎ ಓಜೋನ್ ಪದರಕ್ಕೆ ತೊಂದರೆ ಮಾಡುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 1,430 ಪಟ್ಟು ಬಲಶಾಲಿ. 400 ಗ್ರಾಂ ಹೊರಬಿಟ್ಟರೆ ಸುಮಾರು 250 ಲೀಟರ್ ಪೆಟ್ರೋಲ್ ಸುಟ್ಟಷ್ಟು ಹೊರೆಯಾಗುತ್ತದೆ. ಮೊದಲೇ ಬಿಸಿಲಿನಲ್ಲಿ ಬೇಯುವ ನಾವು ಇದನ್ನು ಹಗುರವಾಗಿ ಕಾಣುವಂತಿಲ್ಲ.

ಕೊನೆಯದಾಗಿ, ಎಲ್ಲವೂ ಸರಿಯಿದ್ದೂ ಬಿಸಿ ಗಾಳಿ ಬಂದರೆ ಕಂಪ್ರೆಸರಿಗೆ ಬಂದು ಸೇರುವ ದಪ್ಪ ಪೈಪನ್ನು, ಇಂಜಿನ್ ಆರಿಸಿದ ತಕ್ಷಣ, ಮುಟ್ಟಿ ನೋಡಿ. ಅದು ಮಡಕೆಯ ಹಾಗೆ ತಣ್ಣಗಿದ್ದು ಬೆವರಿದ್ದರೆ ಗ್ಯಾಸಿನ ಕೆಲಸ ನಡೆಯುತ್ತಿದೆ. ದೋಷ ಡ್ಯಾಶ್‌ಬೋರ್ಡಿನೊಳಗೆ, ಹೀಟರಿನ ಬಾಗಿಲು ಪೂರ್ತಿ ಮುಚ್ಚದೆ ಇಂಜಿನ್ನಿನ ಬಿಸಿ ಬೆರೆಯುತ್ತಿರುವುದರಲ್ಲಿ ಇರುತ್ತದೆ.

ಪ್ರಶ್ನೆ: ನಾನು ಯಾದಗಿರಿಯಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಹೈದರಾಬಾದಿಗೆ ಹೊರಟಾಗ ಮೊದಲ ಒಂದು ಗಂಟೆ ಎಸಿ ಚೆನ್ನಾಗಿ ಕೆಲಸ ಮಾಡುತ್ತದೆ. ನಂತರ ಗಾಳಿಯೇ ಕಡಿಮೆಯಾಗಿ ಬಿಸಿ ಅನ್ನಿಸುತ್ತದೆ. ಚಹಾಕ್ಕೆ ನಿಲ್ಲಿಸಿ ಮತ್ತೆ ಹೊರಟರೆ ಸರಿಹೋಗಿರುತ್ತದೆ. ಹಿಂದೆ ಕುಳಿತ ಗಿರಾಕಿಗಳು ಬೈಯುತ್ತಾರೆ.
— ಚಾಲಕರೊಬ್ಬರು, ಯಾದಗಿರಿ

ಉತ್ತರ: ನಿಮ್ಮ ಗಾಡಿಯಲ್ಲಿ ತಂಪು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಕೂಲಿಂಗ್ ಕಾಯಿಲಿನ ಮೇಲೆ ಬೀಳುವ ಇಬ್ಬನಿ ನೀರಾಗಿ ಕೆಳಗೆ ಹರಿಯುವ ಬದಲು ಮಂಜುಗಡ್ಡೆಯಾಗಿ ಕಟ್ಟುತ್ತಿದೆ, ಗಾಳಿ ಹಾಯಲು ದಾರಿಯಿಲ್ಲದಂತಾಗುತ್ತಿದೆ. ನೀವು ಚಹಾ ಕುಡಿಯುವಷ್ಟರಲ್ಲಿ ಅದು ಕರಗುತ್ತದೆ. ಖಚಿತಪಡಿಸಿಕೊಳ್ಳಲು, ಗಾಳಿ ಕಡಿಮೆಯಾದ ಕೂಡಲೆ ಎಸಿ ಬಟನ್ ಮಾತ್ರ ಆರಿಸಿ, ಬ್ಲೋವರ್ ಜೋರಾಗಿ ಓಡಲು ಬಿಡಿ. ಹತ್ತು ನಿಮಿಷದಲ್ಲಿ ಗಾಳಿ ಮರಳಿ ಬಂದು, ಗಾಡಿ ನಿಲ್ಲಿಸಿದಾಗ ಕೆಳಗೆ ಎಂದಿಗಿಂತ ಹೆಚ್ಚು ನೀರು ತೊಟ್ಟಿಕ್ಕಿದರೆ ಅನುಮಾನವೇ ಬೇಡ.

ಕಾರಣ ಹೆಚ್ಚಾಗಿ ಕ್ಯಾಬಿನ್ ಫಿಲ್ಟರ್. ಅನೇಕ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ, ಕೈಯಿಂದಲೇ ಎಳೆಯಬಹುದು. ಹೊರತೆಗೆದು ಬೆಳಕಿಗೆ ಹಿಡಿದಾಗ ಬೆಳಕು ತೂರದಿದ್ದರೆ ಬದಲಿಸಿ. ನಮ್ಮ ಧೂಳಿಗೆ ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಅದು ತುಂಬಿಹೋಗುತ್ತದೆ. ಫಿಲ್ಟರ್ ಸರಿಯಿದ್ದರೆ ಕಾಯಿಲಿನ ಮೇಲಿರುವ ಟೆಂಪರೇಚರ್ ಸೆನ್ಸರನ್ನು ಪರೀಕ್ಷಿಸಲು ಹೇಳಿ: ಮಂಜು ಕಟ್ಟುವ ಮೊದಲೇ ಕಂಪ್ರೆಸರನ್ನು ನಿಲ್ಲಿಸಬೇಕಾದದ್ದು ಅದು. ಗಾಳಿಯ ರಭಸ ಹಾಗೆಯೇ ಇದ್ದು ತಂಪು ಮಾತ್ರ ಬಂದು ಹೋಗುತ್ತಿದ್ದರೆ ಕಥೆ ಬೇರೆ, ಅದು ಒಳಗಿನ ತೇವ, ಕೂಲಿಂಗ್ ಕಾಯಿಲಿಗೆ ಹೋಗುವ ದ್ರವದ ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಶನ್ ವಾಲ್ವಿನ ಕಿರಿದಾದ ರಂಧ್ರದಲ್ಲಿ ಹೆಪ್ಪುಗಟ್ಟುವ ಲಕ್ಷಣ, ಅದಕ್ಕೆ ವ್ಯಾಕ್ಯೂಮ್ ಮತ್ತು ಹೊಸ ಡ್ರೈಯರ್ ಬೇಕು.

ಪ್ರಶ್ನೆ: ಆರ್-134ಎ ದುಬಾರಿ, ಅದರ ಬದಲು ಅಡುಗೆ ಗ್ಯಾಸನ್ನೇ ಸ್ವಲ್ಪ ಬಿಟ್ಟರೆ ಇನ್ನೂ ತಂಪಾಗುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಸೋರಿಕೆ ಮುಚ್ಚುವ ಡಬ್ಬಿ ದ್ರಾವಣವೂ ಸಿಗುತ್ತದಂತೆ. ಬಳಸಬಹುದೇ?
— ಓದುಗರು, ಬೀದರ್

ಉತ್ತರ: ಎರಡೂ ಬೇಡ. ಅಡುಗೆ ಗ್ಯಾಸಿನಲ್ಲಿರುವ ಪ್ರೊಪೇನ್, ಬ್ಯೂಟೇನ್ ತಂಪು ಮಾಡುವುದು ನಿಜ, ಆದರೆ ಕೂಲಿಂಗ್ ಕಾಯಿಲ್ ಇರುವುದು ನಿಮ್ಮ ಮೊಣಕಾಲಿನ ಮುಂದೆ. ಅಲ್ಲಿ ಸೋರಿದರೆ ಗ್ಯಾಸ್ ತುಂಬುವುದು ಕಿಟಕಿ ಮುಚ್ಚಿದ ಕಾರಿನೊಳಗೆ, ಮಕ್ಕಳು ಕುಳಿತಿರುವಲ್ಲಿ. ಬ್ಲೋವರ್ ಸ್ವಿಚ್ಚಿನ ಒಂದು ಕಿಡಿ ಸಾಕು. ಅಪಘಾತದಲ್ಲಿ ಮೊದಲು ಜಜ್ಜಿಹೋಗುವ ಭಾಗವೂ ಕಂಡೆನ್ಸರೇ. ಈಗಾಗಲೇ ಅಡುಗೆ ಗ್ಯಾಸ್ ತುಂಬಿಸಿದ್ದರೆ ಆ ಗಾಡಿಯ ಎಸಿ ಹಚ್ಚದೆ, ಮುಂದೆ ಯಾರು ಕೈ ಹಾಕುತ್ತಾರೋ ಅವರಿಗೆ ಈ ವಿಷಯವನ್ನು ತಪ್ಪದೆ ತಿಳಿಸಿ. ಸೋರಿಕೆ ಮುಚ್ಚುವ ದ್ರಾವಣ ತೂತನ್ನು ಮುಚ್ಚಿದಂತೆಯೇ ಎಕ್ಸ್‌ಪ್ಯಾನ್ಶನ್ ವಾಲ್ವನ್ನೂ, ಗ್ಯಾರೇಜಿನವರ ಮೆಷಿನ್ನನ್ನೂ ಮುಚ್ಚುತ್ತದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಆರ್-1234ವೈಎಫ್ ಎಂಬ ಬೇರೆ ಗ್ಯಾಸ್ ಇರುತ್ತದೆ. ಇದನ್ನೂ ಆರ್-134ಎಯನ್ನೂ ಬೆರೆಸುವಂತಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಹೋಗುವಾಗ ಎಸಿ ತಣ್ಣಗಿರುತ್ತದೆ, ಮರಳುವಾಗ ಮನೆ ಮುಟ್ಟುವವರೆಗೂ ಬಿಸಿ. ಗ್ಯಾಸ್ ಸರಿಯಿದೆ ಎಂದಿದ್ದಾರೆ.
— ಸರಕಾರಿ ನೌಕರರೊಬ್ಬರು, ಕಲಬುರಗಿ

ಉತ್ತರ: ಐದು ಗಂಟೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಹೊರಗಿಗಿಂತ ಬಹಳ ಹೆಚ್ಚು ಸೆಕೆ ಇರುತ್ತದೆ, ಸೀಟು, ಡ್ಯಾಶ್‌ಬೋರ್ಡು ಎಲ್ಲವೂ ಕಾದ ಹಂಚಿನಂತಿರುತ್ತವೆ. ಹತ್ತುವ ಮೊದಲು ನಾಲ್ಕೂ ಬಾಗಿಲು ತೆರೆದಿಡಿ, ಕಿಟಕಿ ಇಳಿಸಿ ಒಂದೆರಡು ನಿಮಿಷ ಓಡಿಸಿ ಬಿಸಿ ಗಾಳಿ ಹೊರಹಾಕಿ, ಆಮೇಲೆ ಕಿಟಕಿ ಏರಿಸಿ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ಅದನ್ನು ಒತ್ತದಿದ್ದರೆ ಎಸಿ ಪ್ರತಿ ಕ್ಷಣವೂ 43 ಡಿಗ್ರಿಯ ಹೊಸ ಗಾಳಿಯನ್ನು ತಂಪು ಮಾಡುತ್ತಾ ಕೂರುತ್ತದೆ.

ಹೀಗೆ ಮಾಡಿ ಹದಿನೈದು ನಿಮಿಷ ಕಳೆದರೂ ತಂಪಾಗದಿದ್ದರೆ ಕಂಪ್ರೆಸರಿನ ಕ್ಲಚ್ ನೋಡಬೇಕು. ಬೆಲ್ಟ್ ಸುತ್ತುವ ಪುಲ್ಲಿ ಸದಾ ತಿರುಗುತ್ತದೆ. ಅದರ ಮುಂದಿನ ತಟ್ಟೆ ಮಾತ್ರ ಎಸಿ ಹಚ್ಚಿದಾಗ "ಟಕ್" ಎಂದು ಅಂಟಿಕೊಂಡು ತಿರುಗುತ್ತದೆ. ಸವೆತದಿಂದ ಆ ಎರಡರ ನಡುವಿನ ಸಂದು ಅಗಲವಾದರೆ ಬೆಳಗಿನ ತಂಪಿನಲ್ಲಿ ಕ್ಲಚ್ಚಿನ ಅಯಸ್ಕಾಂತ ಎಳೆಯಬಲ್ಲದು, ಮಧ್ಯಾಹ್ನದ ಕಾವಿನಲ್ಲಿ ಸುರುಳಿಯ ಬಲ ಕುಗ್ಗಿ ಎಳೆಯಲಾರದು. ನಿಮ್ಮ ಲಕ್ಷಣಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಮಧ್ಯಾಹ್ನ ಬಿಸಿ ಬರುತ್ತಿರುವಾಗಲೇ ಮೆಕ್ಯಾನಿಕ್‌ಗೆ ತೋರಿಸಿ, ಬೆಳಿಗ್ಗೆ ತೋರಿಸಿದರೆ ಅವರಿಗೆ ದೋಷ ಕಾಣುವುದೇ ಇಲ್ಲ. ಸಂದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು ಇರಬೇಕು, ಹೆಚ್ಚಿದ್ದರೆ ತಟ್ಟೆಯ ಹಿಂದಿರುವ ತೆಳು ವಾಷರೊಂದನ್ನು ತೆಗೆದು ಸರಿಪಡಿಸಬಹುದು, ಇಡೀ ಕಂಪ್ರೆಸರ್ ಬದಲಿಸುವ ಅಗತ್ಯವಿಲ್ಲ. ಕ್ಲಚ್ ಇಲ್ಲದೆ ಕಂಪ್ರೆಸರ್ ಸದಾ ತಿರುಗುವ ಹೊಸ ಮಾದರಿಯ ಕಾರು ನಿಮ್ಮದಾಗಿದ್ದರೆ ಈ ಪರೀಕ್ಷೆ ಅನ್ವಯಿಸುವುದಿಲ್ಲ, ಅಂಥ ಗಾಡಿಯಲ್ಲಿ ಕಂಪ್ರೆಸರಿನ ಕಂಟ್ರೋಲ್ ವಾಲ್ವನ್ನು ಸ್ಕ್ಯಾನರ್ ಹಚ್ಚಿ ನೋಡಬೇಕಾಗುತ್ತದೆ.